ಕ್ಯಾಮೆರಾ ಲೆನ್ಸಿನೊಳಗಿನ ಧೂಳು

ಛಾಯಾಗ್ರಹಣದ ಲೆನ್ಸಿನ ಒಳಮೈಗಳ ಮೇಲೆ ಬರಬರುತ್ತ ಕೂರುವ ಮಣ್ಣಿನ ಹುಡಿ, ಬಟ್ಟೆಯ ನೂಲೆಳೆ, ಚರ್ಮದ ಹೊಟ್ಟು, ಲೆನ್ಸಿನ ಒಳಗಿನಿಂದಲೇ ಉದುರಿದ ಬಣ್ಣ ಮತ್ತು ಲೋಹದ ಚೂರುಗಳನ್ನು ಒಟ್ಟಾಗಿ ಲೆನ್ಸಿನೊಳಗಿನ ಧೂಳು ಎಂದು ಕರೆಯುತ್ತಾರೆ. ಕ್ಯಾಮೆರಾ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಲೆನ್ಸನ್ನು ಟಾರ್ಚಿಗೆ ಅಡ್ಡ ಹಿಡಿದು ನೋಡಿ ಗಾಬರಿಯಾಗುತ್ತಾರೆ. ಆ ಗಾಬರಿಗೆ ತಕ್ಕಷ್ಟು ಹಾನಿಯನ್ನು ಧೂಳು ಮಾಡುವುದಿಲ್ಲ. ಮನೆಯಲ್ಲೇ ಬಿಚ್ಚಿ ಅದನ್ನು ತೆಗೆಯುವುದು ಕೆಲವು ಲೆನ್ಸುಗಳಲ್ಲಿ ಸುಲಭ, ಹೆಚ್ಚಿನವುಗಳಲ್ಲಿ ಅಪಾಯ, ಬಹುಪಾಲು ಸಂದರ್ಭಗಳಲ್ಲಿ ಅನಗತ್ಯ. ಧೂಳಿನಂತೆ ಕಣ್ಣಿಗೆ ಬೀಳುವ ಬೂಷ್ಟಿನ ಮಾತು ಬೇರೆ. ಅದನ್ನು ಹಾಗೇ ಬಿಟ್ಟರೆ ಗಾಜಿಗೇ ಕೇಡು.

ಧೂಳು ಒಳಗೆ ಸೇರುವ ದಾರಿ

ಅಂಗಡಿಯಲ್ಲಿ ಕೊಳ್ಳುವ ಒಂದು ಲೆನ್ಸಿನೊಳಗೆ ಹಲವು ಮಸೂರಗಳು ಸಾಲಾಗಿ ಕೂತಿರುತ್ತವೆ. ಇಂಗ್ಲೆಂಡಿನ ಎಚ್. ಡೆನ್ನಿಸ್ ಟೇಲರ್ 1893ರಲ್ಲಿ ರೂಪಿಸಿದ ಕುಕ್ ಟ್ರಿಪ್ಲೆಟ್‌ನಲ್ಲಿ ಮೂರು ಮಸೂರಗಳಿದ್ದವು. 1902ರಲ್ಲಿ ಬಂದ ಜೈಸ್ ಕಂಪನಿಯ ಟೆಸ್ಸಾರ್‌ನಲ್ಲಿ ನಾಲ್ಕು. ಕ್ಯಾನನ್ 1998ರಲ್ಲಿ ಹೊರತಂದ 100-400 ಮಿ.ಮೀ. ಜೂಮ್ ಲೆನ್ಸಿನಲ್ಲಿ 17 ಮಸೂರಗಳು 14 ಗುಂಪುಗಳಾಗಿ ಕೂತಿವೆ. ಒಂದೊಂದು ಗುಂಪಿಗೆ ಗಾಳಿ ತಾಗುವ ಮೈ ಎರಡೆಂದರೂ ಒಟ್ಟು 28 ಮೈಗಳಾದವು. ಅವುಗಳಲ್ಲಿ ನಮ್ಮ ಕೈಗೆ ಎಟುಕುವುದು ತೀರ ಮುಂದಿನದು ಮತ್ತು ತೀರ ಹಿಂದಿನದು, ಎರಡೇ. ಉಳಿದ 26 ಮೈಗಳ ಮೇಲೆ ಕೂತ ಧೂಳನ್ನು ನೋಡಬಹುದು, ಮುಟ್ಟಲಾಗದು.

ಲೆನ್ಸಿನ ಕೊಳವೆ ಗಾಳಿಯಾಡದ ಡಬ್ಬಿಯಲ್ಲ. ಫೋಕಸ್ ಉಂಗುರ, ಜೂಮ್ ಉಂಗುರ, ಬೆಳಕಿನ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಉಂಗುರ, ಹಿಂಬದಿಯ ಮೌಂಟ್ ಎಲ್ಲ ಕಡೆಯೂ ಸಂದುಗಳಿರುತ್ತವೆ. ಜೂಮ್ ಮಾಡಿದಾಗ ಉದ್ದ ಹಿಗ್ಗುವ ಲೆನ್ಸಿನೊಳಗಿನ ಅವಕಾಶ ದೊಡ್ಡದಾಗುತ್ತದೆ. ಆ ಜಾಗ ತುಂಬಲು ಹೊರಗಿನ ಗಾಳಿ ನುಗ್ಗಲೇಬೇಕು. ಮತ್ತೆ ಕುಗ್ಗಿಸಿದಾಗ ಗಾಳಿ ಹೊರಗೆ ಹೋಗುತ್ತದೆ, ಅದು ತಂದ ಧೂಳು ಪೂರ್ತಿ ಹೋಗುವುದಿಲ್ಲ. ಮೇಲೆ ಹೇಳಿದ 100-400 ಲೆನ್ಸನ್ನು ಉಂಗುರ ತಿರುಗಿಸಿ ಅಲ್ಲ, ಕೊಳವೆಯನ್ನೇ ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದು ಜೂಮ್ ಮಾಡಬೇಕಿತ್ತು. ಹಾಗಾಗಿ ವನ್ಯಜೀವಿ ಛಾಯಾಗ್ರಾಹಕರು ಅದಕ್ಕೆ ‘ಡಸ್ಟ್ ಪಂಪ್’ ಎಂದೇ ಹೆಸರಿಟ್ಟರು. 2014ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಕ್ಯಾನನ್ ತಿರುಗಿಸುವ ಉಂಗುರವನ್ನು ಕೊಟ್ಟಿತು. ಆದರೆ ಆ ಅಡ್ಡಹೆಸರು ಆ ಒಂದು ಲೆನ್ಸಿಗೆ ಮಾತ್ರ ಅಂಟಿದ್ದು ಅನ್ಯಾಯವೇ. ಉದ್ದ ಹಿಗ್ಗುವ ಯಾವ ಜೂಮ್ ಆದರೂ ಗಾಳಿ ಎಳೆದುಕೊಳ್ಳುತ್ತದೆ. 70-200 ಮಿ.ಮೀ. ಎಫ್/2.8 ವರ್ಗದ, ಉದ್ದ ಬದಲಾಗದೆ ಒಳಗಿನ ಗುಂಪುಗಳಷ್ಟೇ ಸರಿಯುವ ಲೆನ್ಸುಗಳಲ್ಲಿ ಈ ಕಾಟ ಕಡಿಮೆ.

ಮಳೆ, ಧೂಳು ತಡೆಯುವ ರಬ್ಬರ್ ಪಟ್ಟಿ ಹಾಕಿದ ಲೆನ್ಸುಗಳೂ ಧೂಳನ್ನು ತಡಮಾಡಿಸುತ್ತವೆಯೇ ಹೊರತು ಪೂರ್ತಿ ತಡೆಯವು. ಕ್ಯಾನನ್ 17-40 ಮಿ.ಮೀ. ಎಫ್/4 ಲೆನ್ಸಿನಂಥ ಕೆಲವಕ್ಕೆ ಮುಂದೆ ಫಿಲ್ಟರ್ ಹಾಕಿದ ಮೇಲೆಯೇ ಈ ರಕ್ಷಣೆ ಪೂರ್ಣವಾಗುತ್ತದೆ ಎಂದು ತಯಾರಕರೇ ಹೇಳಿದ್ದಾರೆ. ಫಿಲ್ಟರ್ ಬೇಕೇ ಬೇಡವೇ ಎಂಬ ಮುಗಿಯದ ಜಗಳದಲ್ಲಿ ಫಿಲ್ಟರಿನ ಪರವಾಗಿ ಇರುವ ಗಟ್ಟಿಯಾದ ವಾದ ಇದು.

ಹೊಚ್ಚ ಹೊಸ ಲೆನ್ಸಿನಲ್ಲೂ ಧೂಳಿನ ಕಣ ಕಾಣುವುದುಂಟು. ಸಾಮಾನ್ಯ ಕೋಣೆಯ ಒಂದು ಘನ ಮೀಟರ್ ಗಾಳಿಯಲ್ಲಿ ಅರ್ಧ ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು ಕೋಟಿಗಟ್ಟಲೆ ಇರಬಹುದು. ಅಂತರರಾಷ್ಟ್ರೀಯ ಮಾನಕದ 5ನೇ ದರ್ಜೆಯ ಶುಚಿಕೋಣೆಯಲ್ಲಿ ಇವು 3,520ರ ಒಳಗಿರಬೇಕು. ಅಷ್ಟು ಕಟ್ಟುನಿಟ್ಟಿನ ಕೋಣೆಯಲ್ಲೂ ಲೆಕ್ಕ ಸೊನ್ನೆಯಲ್ಲ ಎನ್ನುವುದು ಗಮನಿಸಬೇಕಾದದ್ದು. ಇದಲ್ಲದೆ ಲೆನ್ಸ್ ತನ್ನೊಳಗೇ ಕಸ ಹುಟ್ಟಿಸಿಕೊಳ್ಳುತ್ತದೆ. ಅಪರ್ಚರಿನ ರೆಕ್ಕೆಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ, ಒಳಗೋಡೆಯ ಕಪ್ಪು ಬಣ್ಣ ಹಕ್ಕಳೆ ಏಳುತ್ತದೆ.

ಚಿತ್ರದ ಮೇಲೆ ಪರಿಣಾಮ

ಧೂಳಿನ ಕಣ ಲೆನ್ಸಿನೊಳಗಿದ್ದರೆ ಚಿತ್ರದಲ್ಲಿ ಅದೇ ಆಕಾರದ ಚುಕ್ಕೆ ಮೂಡುತ್ತದೆಂದು ಹೆಚ್ಚಿನವರು ನಂಬಿದ್ದಾರೆ. ಹಾಗಾಗುವುದಿಲ್ಲ. ಎದುರಿನ ದೃಶ್ಯದ ಒಂದೊಂದು ಬಿಂದುವಿನಿಂದ ಹೊರಟ ಬೆಳಕೂ ಲೆನ್ಸಿನ ಅಗಲದಲ್ಲೆಲ್ಲ ಹರಡಿ ಬಂದು ಸೆನ್ಸರಿನ ಮೇಲೆ ಮತ್ತೆ ಒಂದು ಬಿಂದುವಾಗಿ ಕೂಡುತ್ತದೆ. ಧೂಳಿನ ಕಣ ಆ ಅಗಲದಲ್ಲಿ ಎಳ್ಳಷ್ಟು ಜಾಗವನ್ನು ಅಡ್ಡಗಟ್ಟುತ್ತದೆ; ಉಳಿದ ಬೆಳಕು ಸುತ್ತಿನಿಂದ ಬಂದು ಬಿಂದುವನ್ನು ಪೂರ್ತಿ ಮೂಡಿಸುತ್ತದೆ. ಕಣವಂತೂ ಫೋಕಸ್ ಆಗುವ ದೂರದಲ್ಲೇ ಇರುವುದಿಲ್ಲ.

ಲೆಕ್ಕ ಹಾಕಿದರೆ ವಿಷಯ ಇನ್ನಷ್ಟು ಸ್ಪಷ್ಟ. 50 ಮಿ.ಮೀ. ಲೆನ್ಸನ್ನು ಎಫ್/1.8ಕ್ಕೆ ತೆರೆದಾಗ ಬೆಳಕು ಹಾಯುವ ಕಂಡಿಯ ವ್ಯಾಸ ಸುಮಾರು 27.8 ಮಿ.ಮೀ., ವಿಸ್ತೀರ್ಣ 607 ಚದರ ಮಿ.ಮೀ. ಬರಿಗಣ್ಣಿಗೆ ಚೆನ್ನಾಗಿ ಕಾಣುವ, 0.2 ಮಿ.ಮೀ. ವ್ಯಾಸದ ಒಂದು ಕಣ ಅದರಲ್ಲಿ ಅಡ್ಡಗಟ್ಟುವುದು ಸುಮಾರು 19,000ದಲ್ಲಿ ಒಂದು ಪಾಲು. ಅಂಥ ನೂರು ಕಣಗಳಿದ್ದರೂ ನಷ್ಟವಾಗುವ ಬೆಳಕು ಶೇ. 0.5ರ ಆಸುಪಾಸು. ಯಾವ ಕಣ್ಣೂ ಅದನ್ನು ಗುರುತಿಸಲಾರದು. ಲೇಪವಿಲ್ಲದ ಗಾಜಿನ ಒಂದೇ ಮೈ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ ಎಂಬುದನ್ನು ಇದರ ಪಕ್ಕ ಇಟ್ಟು ನೋಡಬೇಕು. 28 ಮೈಗಳ ಆ ಜೂಮ್ ಲೆನ್ಸಿಗೆ ಲೇಪವೇ ಇಲ್ಲದಿದ್ದರೆ ಬೆಳಕಿನ ಮೂರನೇ ಒಂದು ಪಾಲೂ ಸೆನ್ಸರನ್ನು ನೇರ ಮುಟ್ಟುತ್ತಿರಲಿಲ್ಲ. ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ಪ್ರತಿಫಲನ ತಡೆಯುವ ಲೇಪವನ್ನು ಕಂಡುಹಿಡಿದ ಮೇಲೆಯೇ ಇಷ್ಟೊಂದು ಮಸೂರಗಳ ಲೆನ್ಸುಗಳು ಸಾಧ್ಯವಾದವು. ಆ ಲೇಪ ಒಂದು ಮೈಕ್ರಾನಿಗಿಂತ ತೆಳ್ಳಗಿನದು. ಧೂಳು ತೆಗೆಯಲು ಹೋಗಿ ಅದನ್ನು ಗೀಚಿದರೆ ನಷ್ಟ ಯಾವ ಕಡೆಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಪರ್ಚರ್ ಕಿರಿದಾದಂತೆ ಲೆಕ್ಕ ಬದಲಾಗುತ್ತದೆ. ಅದೇ 50 ಮಿ.ಮೀ. ಲೆನ್ಸಿನಲ್ಲಿ ಎಫ್/16ಕ್ಕೆ ಕಂಡಿಯ ವ್ಯಾಸ 3 ಮಿ.ಮೀ.ಗೆ ಇಳಿಯುತ್ತದೆ, ಬೆಳಕಿನ ದಾರಿಯಲ್ಲಿ ಕೂತ ಅದೇ ಕಣ ಈಗ ಶೇ. 0.4ರಷ್ಟನ್ನು ತಡೆಯುತ್ತದೆ. 10 ಮಿ.ಮೀ.ಯ ಅತಿ ಅಗಲಕೋನದ ಲೆನ್ಸನ್ನು ಎಫ್/22ಕ್ಕೆ ಕಿರಿದು ಮಾಡಿದರೆ ಕಂಡಿಯ ವ್ಯಾಸ ಅರ್ಧ ಮಿ.ಮೀ.ಗಿಂತ ಕಡಿಮೆ, ಆಗ ಒಂದೇ ಕಣ ಬೆಳಕಿನ ಐದನೇ ಒಂದು ಪಾಲನ್ನು ನುಂಗಿ ಆಕಾಶದಲ್ಲಿ ಮಸುಕಾದ ಕಲೆಯಾಗಿ ಕಾಣಿಸಿಕೊಳ್ಳಬಹುದು. ಧೂಳು ನಿಜವಾಗಿ ತೊಂದರೆ ಕೊಡುವ ಸಂದರ್ಭಗಳಲ್ಲಿ ಇದು ಮೊದಲನೆಯದು.

ಎರಡನೆಯದು ಎದುರುಬೆಳಕು. ಸೂರ್ಯನಾಗಲಿ ಬೀದಿದೀಪವಾಗಲಿ ನೇರ ಲೆನ್ಸಿಗೆ ಬಿದ್ದಾಗ ಕಣಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಕಪ್ಪನ್ನು ಬೂದುಬಣ್ಣವಾಗಿಸುತ್ತವೆ. ಹಾಗಾಗಲು ಧೂಳು ದಟ್ಟವಾಗಿ, ಪದರದಂತೆ ಕೂತಿರಬೇಕು. ಹತ್ತಾರು ಚುಕ್ಕೆ ಸಾಲದು. ಮೂರನೆಯದು ಹಿನ್ನೆಲೆಯ ದೀಪಗಳು ಮಸುಕಾಗಿ ದುಂಡಗೆ ಅರಳುವಂಥ ಚಿತ್ರ. ಆ ದುಂಡುಗಳು ಅಪರ್ಚರಿನದೇ ನೆರಳಚ್ಚುಗಳಾದ್ದರಿಂದ ಲೆನ್ಸಿನೊಳಗಿನ ಕಣ, ನೂಲೆಳೆ ಎಲ್ಲವೂ ಅವುಗಳಲ್ಲಿ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ದೀಪಾವಳಿಯ ರಾತ್ರಿ ದೀಪಸಾಲನ್ನು ಹಿಂದೆ ಬಿಟ್ಟು ಭಾವಚಿತ್ರ ತೆಗೆಯುವವರಿಗೆ ಈ ದೋಷದ ಪರಿಚಯ ಇರುತ್ತದೆ. ಒಟ್ಟಾರೆ ಹಿಂಬದಿಯ ಮಸೂರದ ಕೊಳೆ ಮುಂಬದಿಯದಕ್ಕಿಂತ ಹೆಚ್ಚು ಕೆಡಿಸುತ್ತದೆ, ಏಕೆಂದರೆ ಅದು ಸೆನ್ಸರಿಗೆ ಹತ್ತಿರ.

ಧೂಳೇ ಹೌದೇ?

ಲೆನ್ಸ್ ಬಿಚ್ಚುವ ಯೋಚನೆಗೂ ಮೊದಲು ದೋಷ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಚಿತ್ರದಲ್ಲಿ ಚುಕ್ಕೆ ಕಂಡೊಡನೆ ಲೆನ್ಸನ್ನು ದೂರುವುದು ಸಾಮಾನ್ಯ. ತಪ್ಪು ಹೆಚ್ಚಾಗಿ ಸೆನ್ಸರಿನದು. ಪರೀಕ್ಷೆ ಸುಲಭ. ಅಪರ್ಚರನ್ನು ಎಫ್/16ಕ್ಕೋ ಎಫ್/22ಕ್ಕೋ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಅಥವಾ ತಿಳಿ ಆಕಾಶದ ಚಿತ್ರ ತೆಗೆಯಬೇಕು. ಬೇರೆ ಲೆನ್ಸ್ ಹಾಕಿ ಮತ್ತೊಂದು ತೆಗೆಯಬೇಕು. ಎರಡರಲ್ಲೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಧೂಳು ಸೆನ್ಸರಿನ ಮೇಲಿದೆ. ಎಸ್‌ಎಲ್‌ಆರ್ ಕ್ಯಾಮೆರಾದ ವ್ಯೂಫೈಂಡರಿನಲ್ಲಿ ಮಾತ್ರ ಕಂಡು ಚಿತ್ರದಲ್ಲಿ ಕಾಣದಿದ್ದರೆ ಅದು ಫೋಕಸ್ ಪರದೆಯ ಧೂಳು, ಚಿಂತೆಗೆ ಕಾರಣವಲ್ಲ. ಫಿಲ್ಮಿನ ಕಾಲದಲ್ಲಿ ಈ ಸಮಸ್ಯೆ ಇಷ್ಟು ಇರಲಿಲ್ಲ. ಪ್ರತಿ ಚಿತ್ರಕ್ಕೂ ಹೊಸ ಫಿಲ್ಮು ಸರಿದು ಬರುತ್ತಿತ್ತು, ನೆಗೆಟಿವಿನ ಮೇಲೆ ಕೂತ ಧೂಳಿನ ಗುರುತನ್ನು ಸ್ಟುಡಿಯೋದ ಟಚಪ್‌ನವರು ಕುಂಚದಲ್ಲಿ ಮುಚ್ಚುತ್ತಿದ್ದರು. ಸೆನ್ಸರ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಅದನ್ನು ಶ್ರವಣಾತೀತ ಕಂಪನದಿಂದ ಕೊಡವುವ ವ್ಯವಸ್ಥೆ 2003ರಲ್ಲಿ ಒಲಿಂಪಸ್ ಇ-1 ಕ್ಯಾಮೆರಾದಲ್ಲಿ ಮೊದಲು ಬಂತು.

ಲೆನ್ಸಿನೊಳಗೆ ಕಾಣುವುದೆಲ್ಲ ಧೂಳಲ್ಲ. ಹಳೆಯ ಗಾಜಿನಲ್ಲಿ ಎರಕದ ಗುಳ್ಳೆಗಳಿರುತ್ತವೆ, ಅವಕ್ಕೆ ಮದ್ದಿಲ್ಲ, ಬೇಕಾಗಿಯೂ ಇಲ್ಲ. ಮಸೂರದ ಅಂಚಿನ ಕಪ್ಪು ಬಣ್ಣ ಗಾಜಿನಿಂದ ಬಿಟ್ಟುಕೊಂಡು ಬಿಳಿ ಚುಕ್ಕೆಗಳ ಸಾಲಾಗುವುದು ಜರ್ಮನಿಯ ಷ್ನೈಡರ್ ಲೆನ್ಸುಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಆ ದೋಷಕ್ಕೆ ‘ಷ್ನೈಡರೈಟಿಸ್’ ಎಂಬ ಕಾಯಿಲೆಯಂಥ ಹೆಸರೇ ಬಿದ್ದಿದೆ. ಎರಡು ಮಸೂರಗಳನ್ನು ಅಂಟಿಸಿದ ಕೆನಡಾ ಬಾಲ್ಸಂ ಎಂಬ ಮರದಂಟು ಹಳತಾಗಿ ಬಿಟ್ಟುಕೊಂಡರೆ ಕಾಮನಬಿಲ್ಲಿನ ಬಣ್ಣದ ತೇಪೆಗಳು ಕಾಣುತ್ತವೆ. ಸೂಪರ್-ಟಕುಮಾರ್ 50 ಮಿ.ಮೀ. ಎಫ್/1.4ರಂಥ ಕೆಲವು ಲೆನ್ಸುಗಳಲ್ಲಿ ಥೋರಿಯಂ ಬೆರೆಸಿದ ಗಾಜಿರುವುದರಿಂದ ಅವು ಹಳದಿಗಟ್ಟುತ್ತವೆ. ಒರೆಸಿ ಪ್ರಯೋಜನವಿಲ್ಲ, ಅತಿನೇರಳೆ ಬೆಳಕಿಗೆ ಒಡ್ಡಿದರೆ ಹಳದಿ ಇಳಿಯುತ್ತದೆ.

ಧೂಳಿಗಿಂತ ಹೆಚ್ಚು ಕೆಡಿಸುವುದು ಮಬ್ಬು. ಫೋಕಸ್ ತಿರುಗಣೆಗೆ ಹಚ್ಚಿದ ಗ್ರೀಸಿನ ಆವಿ ಒಳಗಾಜಿನ ಮೇಲೆ ತೆಳ್ಳಗೆ ಕೂತು ಚಿತ್ರವನ್ನೆಲ್ಲ ಮಂಕಾಗಿಸುತ್ತದೆ. ಇಂಥದೇ ಮಬ್ಬು ಶನಿಗ್ರಹದತ್ತ ಹೊರಟಿದ್ದ ಕ್ಯಾಸಿನಿ ನೌಕೆಯ ಕಿರುಕೋನ ಕ್ಯಾಮೆರಾದಲ್ಲೂ 2001ರಲ್ಲಿ ಕಾಣಿಸಿಕೊಂಡಿತ್ತು. ಬಿಚ್ಚಿ ಒರೆಸಲು ಅಲ್ಲಿ ಯಾರೂ ಇರಲಿಲ್ಲ. ಒಳಗಿನ ಹೀಟರುಗಳಿಂದ ಮತ್ತೆ ಮತ್ತೆ ಬೆಚ್ಚಗೆ ಮಾಡಿ 2002ರಲ್ಲಿ ಅದನ್ನು ಕಳೆದರು. ಮನೆಯಲ್ಲಿ ಹೇರ್ ಡ್ರೈಯರ್ ಹಿಡಿದು ಇದನ್ನೇ ಮಾಡಹೊರಟರೆ ಗ್ರೀಸು ಇನ್ನಷ್ಟು ಕರಗಿ ಅಪರ್ಚರಿನ ರೆಕ್ಕೆಗಳಿಗೆ ಹರಿಯುತ್ತದೆ.

ಮನೆಯಲ್ಲಿ ಶುಚಿ

ಮೊದಲು ಹೊರಮೈಗಳು. ಒಳಗಿದೆ ಎಂದು ತಿಳಿದ ಧೂಳು ಎಷ್ಟೋ ಸಲ ಹಿಂಬದಿ ಮಸೂರದ ಹೊರಮೈಯಲ್ಲೇ ಇರುತ್ತದೆ. ರಬ್ಬರ್ ಬ್ಲೋವರಿನಿಂದ ಊದಬೇಕು, ಮೆತ್ತನೆಯ ಕುಂಚದಿಂದ ತಳ್ಳಬೇಕು, ಆಮೇಲೂ ಜಿಡ್ಡು ಉಳಿದರೆ ಮಾತ್ರ ಲೆನ್ಸ್ ದ್ರವ ತೊಟ್ಟಿಕ್ಕಿಸಿದ ಕಾಗದದಿಂದ ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ ಒರೆಸಬೇಕು. ದ್ರವವನ್ನು ನೇರ ಗಾಜಿಗೆ ಸುರಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಊದದೆ ಒರೆಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ: ಮಣ್ಣಿನ ಹುಡಿಯಲ್ಲಿರುವ ಬೆಣಚುಕಲ್ಲಿನ ಕಣಗಳು ಗಾಜಿಗಿಂತ ಗಟ್ಟಿ. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯೂ ಬೇಡ; ಡಬ್ಬಿ ಓರೆಯಾದರೆ ಅದರೊಳಗಿನ ದ್ರವ ಚಿಮ್ಮಿ ಗಾಜಿನ ಮೇಲೆ ಕಲೆ ಬೀಳುತ್ತದೆ. ಬಾಯಲ್ಲಿ ಊದಿದರೆ ಉಗುಳಿನ ಹನಿ ತಪ್ಪದು.

ಬಿಚ್ಚದೆಯೇ ಒಳಗಿನ ಧೂಳು ತೆಗೆಯುವ ಉಪಾಯಗಳೂ ಚಾಲ್ತಿಯಲ್ಲಿವೆ. ಲೆನ್ಸಿನ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಜೂಮನ್ನು ಹಿಂದೆ ಮುಂದೆ ಆಡಿಸುವುದು ಅವುಗಳಲ್ಲಿ ಹೆಸರಾದದ್ದು. ಒಂದು ಕಡೆಯಿಂದ ಗಾಳಿ ಎಳೆದರೆ ಇನ್ನೊಂದು ಕಡೆಯ ಸಂದಿನಿಂದ ಹೊಸ ಗಾಳಿ, ಅದರೊಡನೆ ಹೊಸ ಧೂಳು ಬರುತ್ತದೆ ಎಂಬ ಸರಳ ಸಂಗತಿಯನ್ನು ಇದನ್ನು ಹೊಗಳುವವರು ಮರೆಯುತ್ತಾರೆ. ಕೆಲವೊಮ್ಮೆ ಕಣ ಜಾಗ ಬದಲಿಸಿ ಅಂಚಿಗೆ ಸರಿದು ಕಣ್ಣಿಗೆ ಮರೆಯಾಗುತ್ತದೆ, ಅಷ್ಟೇ. ಅಷ್ಟೇ ಬೇಕಿದ್ದರೆ ಲೆನ್ಸನ್ನು ಓರೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿದರೂ ಸಾಕು. ನಡುಕ ತಡೆಯುವ ವ್ಯವಸ್ಥೆ ಇರುವ ಲೆನ್ಸುಗಳಲ್ಲಿ ಒಂದು ಮಸೂರ ತೂಗಾಡುತ್ತಿರುವುದರಿಂದ ಅದೂ ಬೇಡ.

ಬಿಚ್ಚಬಹುದಾದ ಲೆನ್ಸುಗಳು ಎರಡು ಬಗೆ. ಒಂದು, ಫಿಲ್ಮ್ ಕಾಲದ, ಕೈಯಲ್ಲೇ ಫೋಕಸ್ ಮಾಡುವ, ಜೂಮ್ ಇಲ್ಲದ ಲೋಹದ ಲೆನ್ಸುಗಳು. ಸೋವಿಯತ್ ಒಕ್ಕೂಟದಲ್ಲಿ ಲಕ್ಷಗಟ್ಟಲೆ ತಯಾರಾದ ಹೀಲಿಯೋಸ್ 44-2 ಇದಕ್ಕೆ ಒಳ್ಳೆಯ ಉದಾಹರಣೆ. 58 ಮಿ.ಮೀ. ಎಫ್/2ರ ಈ ಲೆನ್ಸಿನಲ್ಲಿ ಆರು ಮಸೂರಗಳು ನಾಲ್ಕು ಗುಂಪುಗಳಲ್ಲಿವೆ. ತಂತಿಯಿಲ್ಲ, ಮೋಟಾರಿಲ್ಲ, ಎಲ್ಲವನ್ನೂ ತಿರುಪು ಉಂಗುರಗಳೇ ಹಿಡಿದಿವೆ. ಕಲಿಯಲು ಇಂಥದೇ ಸರಿ, ಕೆಟ್ಟರೂ ಹೆಚ್ಚು ಕಳೆದುಕೊಂಡಂತಲ್ಲ. ಇನ್ನೊಂದು, ಮುಂಬದಿ ಗುಂಪನ್ನಷ್ಟೇ ಸುಲಭವಾಗಿ ಎತ್ತಬಹುದಾದ ಕೆಲವು ಹೊಸ ಜೂಮ್‌ಗಳು. ಕ್ಯಾನನ್ 2006ರಲ್ಲಿ ತಂದ 17-55 ಮಿ.ಮೀ. ಎಫ್/2.8 ಲೆನ್ಸ್ ಮುಂಗಾಜಿನ ಹಿಂದೆ ಧೂಳು ಸೇರಿಸಿಕೊಳ್ಳುವುದರಲ್ಲಿ ಕುಖ್ಯಾತ. ಅದರ ಮುಂದಿನ ಹೆಸರುಪಟ್ಟಿಯ ಉಂಗುರ ಅಂಟಿನಿಂದ ಕೂತಿದೆ. ಅದನ್ನೆತ್ತಿದರೆ ಮೂರು ಸ್ಕ್ರೂ ಕಾಣುತ್ತವೆ, ಅವನ್ನು ಬಿಚ್ಚಿದರೆ ಮುಂಗಾಜು ಹೊರಬರುತ್ತದೆ. ಹಿಂಬದಿಯನ್ನು ಊದಿ, ತೆಗೆದ ದಿಕ್ಕಿನಲ್ಲೇ ಮತ್ತೆ ಕೂರಿಸುವುದು, ಅಲ್ಲಿಗೆ ಮುಗಿಯಿತು. ಅನೇಕ ಹವ್ಯಾಸಿಗಳು ಇದನ್ನು ಮನೆಯಲ್ಲೇ ಮಾಡಿಕೊಂಡಿದ್ದಾರೆ.

‘ತೆಗೆದ ದಿಕ್ಕಿನಲ್ಲೇ’ ಎಂಬ ಮಾತನ್ನು ಹಗುರಾಗಿ ತೆಗೆದುಕೊಳ್ಳಬಾರದು. ಕಾರ್ಖಾನೆಯಲ್ಲಿ ಮುಂಬದಿ ಗುಂಪನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ, ಅಡಿಗೆ ತೆಳು ತಗಡಿನ ಬಿಲ್ಲೆಗಳನ್ನು ಇಟ್ಟು, ಚಿತ್ರದ ನಾಲ್ಕೂ ಮೂಲೆ ಸಮನಾಗಿ ಚೂಪಾಗುವಂತೆ ಹೊಂದಿಸಿರುತ್ತಾರೆ. ಬಿಲ್ಲೆ ಕಳೆದರೆ, ಗುಂಪು ತಿರುಗಿ ಕೂತರೆ ಒಂದು ಬದಿ ಶಾಶ್ವತವಾಗಿ ಮಸುಕು. ಧೂಳಿನ ಚುಕ್ಕೆಯನ್ನು ಯಾರೂ ಚಿತ್ರದಲ್ಲಿ ನೋಡಿರಲಿಲ್ಲ. ಈ ಮಸುಕನ್ನು ಎಲ್ಲರೂ ನೋಡುತ್ತಾರೆ.

ಸಲಕರಣೆ ಹೆಚ್ಚಿಲ್ಲ, ಆದರೆ ಸರಿಯಾದದ್ದೇ ಇರಬೇಕು. ಜಪಾನಿನ ಲೆನ್ಸುಗಳ ಕೂಡುಗೆರೆ ಸ್ಕ್ರೂಗಳು ನೋಡಲು ಫಿಲಿಪ್ಸ್ ಬಗೆಯಂತಿದ್ದರೂ ಅಲ್ಲ; ಜೆಐಎಸ್ ಎಂಬ ಜಪಾನಿ ಅಳತೆಯವು. ಬೀದಿ ಅಂಗಡಿಯ ಸ್ಕ್ರೂಡ್ರೈವರ್ ತಿರುಗಿಸಿದರೆ ತಲೆ ಸವೆದು ಸ್ಕ್ರೂ ಅಲ್ಲೇ ಸಾಯುತ್ತದೆ. ಎರಡು ಕಚ್ಚುಗಳಿರುವ ಉಂಗುರಗಳನ್ನು ತಿರುಗಿಸಲು ಎರಡು ಮೊನೆಯ ಲೆನ್ಸ್ ಸ್ಪ್ಯಾನರ್ ಬೇಕು. ಅದರ ಬದಲು ಕತ್ತರಿಯ ತುದಿಯನ್ನೋ ಕೈವಾರವನ್ನೋ ಬಳಸುವವರ ಲೆನ್ಸಿನ ಮೇಲೆ ಉದ್ದನೆಯ ಗೀರು ಕಾಯಂ. ಕಚ್ಚುಗಳಿಲ್ಲದ ಹೆಸರು ಉಂಗುರಕ್ಕೆ ಅಳತೆಗೆ ತಕ್ಕ ರಬ್ಬರ್ ಬಿರಡೆಯನ್ನು ಒತ್ತಿ ತಿರುಗಿಸಬೇಕು. ಮಸೂರ ಎತ್ತಲು ಪುಟ್ಟ ಹೀರುಬಟ್ಟಲು, ಸ್ಕ್ರೂಗಳನ್ನು ತೆಗೆದ ಕ್ರಮದಲ್ಲಿ ಇಡಲು ಎರಡು ಕಡೆ ಅಂಟಿರುವ ಟೇಪು, ಪ್ರತಿ ಹಂತದ ಫೋಟೋ ತೆಗೆಯಲು ಫೋನು. ಬೆರಳಿಗೆ ಪುಡಿ ಇಲ್ಲದ ಕೈಗವಸು.

ಕೋಣೆಯ ಆಯ್ಕೆಯೂ ಮುಖ್ಯ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ನೆಲವನ್ನೂ ಮೇಜನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಎದ್ದ ಧೂಳು ಕೂರಲು ಅರ್ಧ ಗಂಟೆ ಬಿಟ್ಟು ಆಮೇಲೆ ಕೂರಬೇಕು. ಹಾಸಿಗೆ, ಜಮಖಾನ, ಪರದೆ ಇರುವ ಕೋಣೆ ಬೇಡ. ಉಣ್ಣೆಯ ಸ್ವೆಟರ್ ಹಾಕಿಕೊಂಡು ಈ ಕೆಲಸಕ್ಕೆ ಇಳಿಯುವುದಕ್ಕಿಂತ ಸುಮ್ಮನಿರುವುದು ಲೇಸು.

ಒಳಗಾಜಿನ ಮೇಲೆ ಧೂಳು ಮಾತ್ರ ಇದ್ದರೆ ಊದುವುದಷ್ಟೇ ಕೆಲಸ, ಒರೆಸಬಾರದು. ಮುಂಗಾಜಿನ ಹೊರಮೈಯ ಲೇಪವನ್ನು ಬಳಕೆಯ ಉಜ್ಜಾಟ ತಾಳುವಂತೆ ಮಾಡಿರುತ್ತಾರೆ, ಒಳಮೈಗಳದು ಅಷ್ಟು ಗಟ್ಟಿಯಾಗಿರಬೇಕೆಂದಿಲ್ಲ. ಅರುವತ್ತು ಎಪ್ಪತ್ತು ವರ್ಷ ಹಳೆಯ ಲೆನ್ಸುಗಳಲ್ಲಂತೂ ಬೆರಳು ತಾಗಿದರೂ ಗೀರು ಬೀಳುವಷ್ಟು ಮೆದು. ಮಬ್ಬು ಇದ್ದಲ್ಲಿ ಒರೆಸದೆ ವಿಧಿಯಿಲ್ಲ: ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲನ್ನು ಲೆನ್ಸ್ ಕಾಗದಕ್ಕೆ ಒಂದೆರಡು ಹನಿ ಹಾಕಿ, ಒಂದು ಕಾಗದವನ್ನು ಒಂದೇ ಸಲ ಬಳಸಿ. ಅಸಿಟೋನ್ ಪ್ಲಾಸ್ಟಿಕ್ಕನ್ನೂ ಅಂಚಿನ ಕಪ್ಪು ಬಣ್ಣವನ್ನೂ ಕರಗಿಸುತ್ತದೆ. ಮಸೂರ ಎತ್ತುವ ಮುನ್ನ ಅದರ ಯಾವ ಮೈ ಮುಂದಕ್ಕಿತ್ತು ಎಂದು ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಬೇಕು. ಎರಡೂ ಮೈ ಉಬ್ಬಿರುವ ಮಸೂರದ ಹಿಂದು ಮುಂದು ನೋಟಕ್ಕೆ ತಿಳಿಯುವುದಿಲ್ಲ. ಫೋಕಸ್ ತಿರುಗಣೆಯನ್ನು ಬಿಚ್ಚಲೇಬಾರದು. ಅದರ ಥ್ರೆಡ್‌ಗಳು ಹಲವು ಕಡೆಯಿಂದ ಆರಂಭವಾಗುತ್ತವೆ. ಕಳಚಿದ ಜಾಗ ತಪ್ಪಿದರೆ ದೂರದ ಬೆಟ್ಟ ಮುಂದೆಂದೂ ಫೋಕಸ್ ಆಗುವುದಿಲ್ಲ.

ಜೋಡಿಸಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಒಂದೆರಡು ಹೊಸ ಕಣ ಕಂಡೇ ಕಾಣುತ್ತವೆ. ಅವನ್ನು ತೆಗೆಯಲು ಮತ್ತೆ ಬಿಚ್ಚುವುದು, ಮತ್ತೆ ಬೇರೆ ಎರಡು ಸೇರುವುದು, ಹೀಗೆ ಇಡೀ ಭಾನುವಾರ ಕಳೆಯಬಹುದು. ಟಾರ್ಚನ್ನು ಎತ್ತಿಟ್ಟುಬಿಡುವುದೇ ಇದಕ್ಕೆ ಪರಿಹಾರ. ಮೋಟಾರ್, ನಡುಕ ತಡೆ, ಎಳೆಯಂಥ ರಿಬ್ಬನ್ ಕೇಬಲ್‌ಗಳಿರುವ ಇಂದಿನ ಲೆನ್ಸುಗಳ ಒಳಗುಂಪುಗಳಿಗೆ ಮನೆಯಲ್ಲಿ ಕೈ ಹಾಕುವಂತಿಲ್ಲ. ಮತ್ತೆ ಹೊಂದಿಸಲು ಬೇಕಾದ ಅಳತೆಯಂತ್ರಗಳು ಸರ್ವಿಸ್ ಕೇಂದ್ರದಲ್ಲಿ ಮಾತ್ರ ಇರುತ್ತವೆ.

ಬೂಷ್ಟು

ಸಾಪೇಕ್ಷ ಆರ್ದ್ರತೆ ಶೇ. 70 ದಾಟಿ ಕೆಲವು ದಿನ ಹಾಗೇ ನಿಂತರೆ, ಕತ್ತಲು ಇದ್ದು ಗಾಳಿಯಾಡದಿದ್ದರೆ ಶಿಲೀಂಧ್ರದ ಬೀಜಕಣಗಳು ಗಾಜಿನ ಮೇಲೆ ಮೊಳೆಯುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಇದಕ್ಕೆ ಹೇಳಿ ಮಾಡಿಸಿದ ಹವೆ. ಬೀರುವಿನಲ್ಲಿ, ಚರ್ಮದ ಚೀಲದೊಳಗೆ ಭದ್ರವಾಗಿ ಮುಚ್ಚಿಟ್ಟ ಕ್ಯಾಮೆರಾಕ್ಕೇ ಬೂಷ್ಟು ಮೊದಲು ಹಿಡಿಯುತ್ತದೆ. ದಿನವೂ ಬಳಸುವ ಕ್ಯಾಮೆರಾ ಬಹುಮಟ್ಟಿಗೆ ಪಾರಾಗುತ್ತದೆ. ವಿಜಯಪುರ, ರಾಯಚೂರಿನ ಒಣಹವೆಯಲ್ಲಿ ಧೂಳು ಹೆಚ್ಚು, ಬೂಷ್ಟು ಕಡಿಮೆ. ಎರಡರಲ್ಲಿ ಆಯ್ಕೆ ಇದ್ದರೆ ಧೂಳನ್ನೇ ಆರಿಸಿಕೊಳ್ಳಬೇಕು.

ಗುರುತು ಕಠಿಣವಲ್ಲ. ಧೂಳು ಬಿಡಿ ಬಿಡಿ ಚುಕ್ಕೆ. ಬೂಷ್ಟು ಜೇಡರ ಬಲೆಯಂತೆ ಕವಲೊಡೆದ ಎಳೆ, ಸಾಮಾನ್ಯವಾಗಿ ಅಂಚಿನಿಂದ ನಡುವಿಗೆ ಬೆಳೆಯುತ್ತದೆ. ಗಾಜನ್ನು ಅದು ತಿನ್ನುವುದಿಲ್ಲ, ಅಲ್ಲಿರುವ ಜಿಡ್ಡು ಧೂಳನ್ನು ತಿಂದು ಬದುಕುತ್ತದೆ. ಆದರೆ ಅದು ಸ್ರವಿಸುವ ಆಮ್ಲ ಲೇಪವನ್ನೂ ಅದರಡಿಯ ಗಾಜನ್ನೂ ಕೊರೆಯುತ್ತದೆ. ಬೇಗ ಒರೆಸಿದರೆ ಗುರುತು ಉಳಿಯದು. ವರ್ಷಗಟ್ಟಲೆ ಬಿಟ್ಟರೆ ಬೂಷ್ಟು ಹೋದರೂ ಅದರ ಅಚ್ಚು ಹೋಗುವುದಿಲ್ಲ. ಹೈಡ್ರೊಜನ್ ಪೆರಾಕ್ಸೈಡ್ ಮತ್ತು ಅಮೋನಿಯ ಬೆರೆಸಿ ಒರೆಸುವುದು ರಿಪೇರಿಯವರ ಹಳೆಯ ಕ್ರಮ. ಬಿಸಿಲಿಗೆ ಒಡ್ಡಿದರೆ ಬೆಳವಣಿಗೆ ನಿಲ್ಲಬಹುದು, ಎಳೆಗಳು ಅಲ್ಲೇ ಉಳಿಯುತ್ತವೆ. ಧೂಳನ್ನು ಇರಗೊಡಬಹುದು, ಬೂಷ್ಟು ಕಂಡ ವಾರದೊಳಗೆ ಲೆನ್ಸ್ ರಿಪೇರಿಯವರ ಕೈಯಲ್ಲಿರಬೇಕು.

ಫೋನ್ ಮತ್ತು ಪುಟ್ಟ ಕ್ಯಾಮೆರಾ

ಫೋನಿನ ಲೆನ್ಸಿನ ಕಂಡಿ ಕೆಲವೇ ಮಿ.ಮೀ. ಅಗಲದ್ದು, ಹಾಗಾಗಿ ಒಂದು ಕಣವೂ ಅಲ್ಲಿ ದೊಡ್ಡದೇ. ಧೂಳು ಹೆಚ್ಚಾಗಿ ಹೊರಗಿನ ರಕ್ಷಣಾ ಗಾಜಿಗೂ ಲೆನ್ಸಿಗೂ ನಡುವೆ ಸೇರುತ್ತದೆ, ಫೋನ್ ಬಿದ್ದು ಗಾಜು ಸೀಳಿದ ಮೇಲಂತೂ ಖಚಿತ. ಐಪಿ68 ಎಂಬ ಗುರುತಿನ 6 ಎಂಬ ಅಂಕಿ ಧೂಳು ಒಳಹೋಗದೆಂಬ ಭರವಸೆ. ಒಮ್ಮೆ ಬಿಚ್ಚಿದರೆ ಆ ಭರವಸೆ ಉಳಿಯದು. ಲೆನ್ಸ್ ಕಳಚಲಾಗದ ಜೇಬುಗಾತ್ರದ ಕ್ಯಾಮೆರಾಗಳಲ್ಲಿ ಧೂಳು ನೇರ ಸೆನ್ಸರಿಗೇ ಹೋಗಿ ಕೂರುತ್ತದೆ, ಪೂರ್ತಿ ಬಿಚ್ಚದೆ ತೆಗೆಯಲಾಗದು. ಅಂಥ ಕ್ಯಾಮೆರಾ ಬಿಚ್ಚುವವರಿಗೆ ಒಂದು ಎಚ್ಚರಿಕೆ: ಫ್ಲ್ಯಾಷಿನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ವಿದ್ಯುತ್ತು ಬ್ಯಾಟರಿ ತೆಗೆದ ಮೇಲೂ ಉಳಿದಿರುತ್ತದೆ. ಅದು ಹೊಡೆದರೆ ಜೀವಕ್ಕೇ ಅಪಾಯವಾದೀತು.

ತಡೆಯುವ ಬಗೆ, ಕೊಳ್ಳುವಾಗಿನ ಎಚ್ಚರ

ಧೂಳಿನಲ್ಲಿ ಲೆನ್ಸ್ ಬದಲಿಸದಿರುವುದು, ಬದಲಿಸುವಾಗ ಕ್ಯಾಮೆರಾದ ಬಾಯಿ ಕೆಳಮುಖ ಮಾಡುವುದು, ಜೂಮ್ ಮಾಡುವ ಮೊದಲು ಕೊಳವೆಯ ಹೊರಮೈ ಒರೆಸುವುದು, ಚೀಲವನ್ನು ಆಗಾಗ ಬೋರಲು ಹಾಕಿ ಕೊಡವುವುದು ಎಲ್ಲಕ್ಕಿಂತ ಫಲ ಕೊಡುವ ಅಭ್ಯಾಸಗಳು. ಬಂಡೀಪುರ, ಕಬಿನಿಯ ಬೇಸಗೆಯ ಸಫಾರಿಗೆ ಹೋಗುವವರು ಜೀಪು ಓಡುವಾಗ ಲೆನ್ಸಿನ ಮೇಲೆ ಬಟ್ಟೆ ಮುಚ್ಚಿಡುವುದನ್ನು ರೂಢಿಸಿಕೊಂಡಿರುತ್ತಾರೆ. ಮಳೆನಾಡಿನಲ್ಲಿ ಶೇ. 40ರಿಂದ 50ರ ಆರ್ದ್ರತೆ ಕಾಯುವ ವಿದ್ಯುತ್ ಪೆಟ್ಟಿಗೆ ಉತ್ತಮ. ಇಲ್ಲವಾದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಂದಿಷ್ಟು ಸಿಲಿಕಾ ಜೆಲ್, ಪುಟ್ಟ ಆರ್ದ್ರತಾಮಾಪಕ. ನೀಲಿ ಹರಳು ಗುಲಾಬಿಯಾದರೆ ಅದು ತೇವ ಕುಡಿದು ತಣಿದಿದೆ ಎಂದರ್ಥ. 110-120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ನೀಲಿ ಬಣ್ಣ ಕೊಡುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಅಡುಗೆಯ ಪಾತ್ರೆಯಲ್ಲಿ ಹುರಿಯಬಾರದು, ಮಕ್ಕಳ ಕೈಗೆ ಸಿಗಬಾರದು.

ಹಳೆಯ ಲೆನ್ಸ್ ಕೊಳ್ಳುವವರು ಹಿಂಬದಿಯಿಂದ ಟಾರ್ಚ್ ಹಾಯಿಸಿ ಮುಂದಿನಿಂದ ನೋಡಬೇಕು. ಚುಕ್ಕೆಗಳಿದ್ದರೆ ಬೆಲೆ ಇಳಿಸಲು ಅದೊಂದು ನೆಪವಾದೀತು, ಬಿಡಲು ಕಾರಣವಲ್ಲ. ಎಳೆ ಎಳೆ ಬೂಷ್ಟು, ಹಾಲಿನಂಥ ಮಬ್ಬು, ಸ್ಕ್ರೂ ತಲೆಗಳ ಮೇಲೆ ಹೊಸ ಗೀರು, ಈ ಮೂರರಲ್ಲಿ ಒಂದು ಕಂಡರೂ ಕೊಳ್ಳಬಾರದು. ಅದರಲ್ಲೂ ಮೂರನೆಯದು ಕಂಡರೆ, ನಿಮಗಿಂತ ಮೊದಲೇ ಯಾರೋ ಮನೆಯಲ್ಲಿ ಅದರ ಧೂಳು ತೆಗೆಯಲು ಕೂತಿದ್ದರು ಎಂದು ತಿಳಿಯಿರಿ.